ಮಾನಿಟರ್ ಮುಂದೆ ಕೂತವರನ್ನು ಕೇಳಿ

ಆಸ್ಪತ್ರೆಯ ಹೃದಯ ವಿಭಾಗದಲ್ಲಿ ಹಲವು ರೋಗಿಗಳ ಇಸಿಜಿ ಗೆರೆಗಳು ಒಂದೇ ಕಡೆ ಸ್ಕ್ರೀನ್ ಮೇಲೆ ಓಡುತ್ತಿರುತ್ತವೆ. ಹಗಲೂ ರಾತ್ರಿಯೂ ಯಾರಾದರೊಬ್ಬರು ಅವನ್ನು ನೋಡುತ್ತಲೇ ಇರಬೇಕು. ಆ ಕೆಲಸ ನನ್ನದು. ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಕಾರ್ಡಿಯಾಕ್ ಮಾನಿಟರ್ ಟೆಕ್ನಿಷಿಯನ್. ನೀವು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮಾತ್ರೆ, ಆಪರೇಷನ್ ಬಗ್ಗೆ ಬರೆದವರು ದಯವಿಟ್ಟು ನಿಮ್ಮ ಡಾಕ್ಟರನ್ನೇ ಕೇಳಿ. ಅದಕ್ಕೆ ಉತ್ತರ ಹೇಳುವ ಅಧಿಕಾರ ನನಗಿಲ್ಲ.

ಪ್ರಶ್ನೆ: ಅಪ್ಪ ಆಸ್ಪತ್ರೆಯಲ್ಲಿದ್ದಾಗ ಮಾನಿಟರಿನ ಗೆರೆ ಇದ್ದಕ್ಕಿದ್ದಂತೆ ನೇರವಾಯಿತು, ಅಲಾರಂ ಹೊಡೆದುಕೊಂಡಿತು. ನನ್ನ ಜೀವ ಬಾಯಿಗೆ ಬಂತು. ಸಿಸ್ಟರ್ ಮಾತ್ರ ನಿಧಾನವಾಗಿ ಬಂದು, ಎದೆ ಮೇಲಿನ ಪ್ಯಾಚ್ ಒತ್ತಿ ಹೋದರು. ಇದು ನಿರ್ಲಕ್ಷ್ಯ ಅಲ್ವಾ ಮೇಡಂ?

ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ಆದರೆ ನೀವು ಬರೆದಿದ್ದನ್ನು ನೋಡಿದರೆ ಅದು ನಿರ್ಲಕ್ಷ್ಯ ಅಂತ ನನಗೆ ಅನ್ನಿಸುತ್ತಿಲ್ಲ. ಹೃದಯದ ವಿದ್ಯುತ್ ಹಿಡಿಯಲು ಎದೆಗೆ ಅಂಟಿಸುವ ಆ ಪ್ಯಾಚ್ ಕಳಚಿಕೊಂಡರೆ ಗೆರೆ ಸ್ಕೇಲ್ ಇಟ್ಟು ಎಳೆದಷ್ಟು ನೇರವಾಗುತ್ತದೆ. ನಿಜವಾಗಿ ಹೃದಯ ನಿಂತಾಗ ಗೆರೆ ಸಾಮಾನ್ಯವಾಗಿ ಅಷ್ಟು ನೇರ ಇರುವುದಿಲ್ಲ, ಸಣ್ಣದಾಗಿ ಅಲೆಯುತ್ತಿರುತ್ತದೆ. ಪ್ಯಾಚ್ ಕಳಚಿದ್ದಕ್ಕೆ ಬಹಳಷ್ಟು ಮಾನಿಟರುಗಳಲ್ಲಿ ಅಲಾರಂ ಸದ್ದೇ ಬೇರೆ. ಸ್ಕ್ರೀನ್ ಮೇಲೆ 'ಲೀಡ್ ಆಫ್' ಅಂತಲೂ ಬರುತ್ತದೆ.

ನಾವು ಇನ್ನೊಂದನ್ನೂ ನೋಡುತ್ತೇವೆ. ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದ್ದರೆ ಅದರ ಅಲೆ ಪ್ರತ್ಯೇಕವಾಗಿ ಕಾಣುತ್ತಿರುತ್ತದೆ. ಪ್ರತಿ ಬಡಿತಕ್ಕೆ ಬೆರಳ ತುದಿಗೆ ರಕ್ತ ತಲುಪಿದಾಗ ಏಳುವ ಅಲೆ ಅದು. ಇಸಿಜಿ ಗೆರೆ ನೇರವಾಗಿದ್ದು, ಬೆರಳಿನ ಅಲೆ ಮಾಮೂಲಾಗಿ ಓಡುತ್ತಿದ್ದರೆ ಹೃದಯ ಬಡಿಯುತ್ತಿದೆ ಅಂತಲೇ ಅರ್ಥ. ಅಪ್ಪ ಆಗ ನಿಮ್ಮ ಜೊತೆ ಮಾತಾಡುತ್ತಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾಗಂತ ಇದು ಸಣ್ಣ ವಿಷಯವೂ ಅಲ್ಲ. ಪ್ಯಾಚ್ ಬಿದ್ದಿರುವಷ್ಟು ಹೊತ್ತು ಆ ರೋಗಿಯ ಹೃದಯವನ್ನು ನೋಡುವವರು ಯಾರೂ ಇಲ್ಲ. ಅದಕ್ಕೇ ಪ್ಯಾಚ್ ಬಿದ್ದಿರಬಹುದು ಅಂತ ಊಹೆ ಮಾಡಿ ನಾವು ಸುಮ್ಮನೆ ಕೂರುವಂತಿಲ್ಲ. ಯಾರಾದರೂ ಹೋಗಿ ರೋಗಿಯನ್ನು ನೋಡಲೇಬೇಕು. ನಿಮ್ಮಲ್ಲಿ ಸಿಸ್ಟರ್ ಬಂದರು, ನೋಡಿದರು. ಯಾರೂ ಬರದೇ ಇದ್ದಿದ್ದರೆ ದೂರು ಕೊಡುವ ಹಕ್ಕು ನಿಮಗೆ ಖಂಡಿತ ಇತ್ತು.

ಪ್ಯಾಚ್ ಯಾಕೆ ಬೀಳುತ್ತದೆ ಅಂತಲೂ ಹೇಳಿಬಿಡುತ್ತೇನೆ. ಬೆವರು, ಎದೆ ಕೂದಲು, ಮೈಗೆ ಹಚ್ಚಿದ ಕ್ರೀಮು, ಇಲ್ಲವೇ ಪ್ಯಾಕೆಟ್ ತೆರೆದಿಟ್ಟು ಒಣಗಿದ ಜೆಲ್. ಚರ್ಮವನ್ನು ಸೋಪು ನೀರಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಅಗತ್ಯವಿದ್ದರೆ ಕೂದಲು ಕತ್ತರಿಸಿ ಅಂಟಿಸಬೇಕು. ಸ್ಪಿರಿಟ್ ಹಚ್ಚಿದರೆ ಚರ್ಮ ಒಣಗುತ್ತದೆ, ಸಿಗ್ನಲ್ ಕೆಡುತ್ತದೆ. ದಿನಕ್ಕೊಮ್ಮೆ ಪ್ಯಾಚ್ ಬದಲಿಸಿದರೆ ಸುಳ್ಳು ಅಲಾರಂ ಎಷ್ಟೋ ಕಡಿಮೆಯಾಗುತ್ತದೆ. ಇಷ್ಟು ಸಣ್ಣ ಕೆಲಸವನ್ನು ಎಲ್ಲ ಕಡೆ ಶ್ರದ್ಧೆಯಿಂದ ಮಾಡಿದರೆ ನಿಮ್ಮಂಥ ಎಷ್ಟೋ ಜನರ ಗಾಬರಿ ತಪ್ಪುತ್ತದೆ.

ಪ್ರಶ್ನೆ: ಸಿನಿಮಾದಲ್ಲಿ ಗೆರೆ ನೇರವಾದ ಕೂಡಲೇ ಎದೆಗೆ ಶಾಕ್ ಕೊಡುತ್ತಾರೆ. ನಿಜವಾಗಿಯೂ ಹಾಗೆ ಮಾಡುತ್ತಾರಾ?

ಇಲ್ಲ. ಹೃದಯದ ವಿದ್ಯುತ್ ಗೊಂದಲಕ್ಕೆ ಬಿದ್ದು, ಹೃದಯ ಬಡಿಯದೆ ಬರೀ ಅದುರುತ್ತಿರುವಾಗ ಶಾಕ್ ಕೊಡುತ್ತಾರೆ. ವಿದ್ಯುತ್ತೇ ಇಲ್ಲದ ಗೆರೆಗೆ ಶಾಕಿನಿಂದ ಉಪಯೋಗವಿಲ್ಲ. ಅಲ್ಲಿ ಎದೆ ಒತ್ತುವುದು ಮತ್ತು ಔಷಧಿ.

ಪ್ರಶ್ನೆ: ನಾನು ವಿದ್ಯಾರ್ಥಿನಿ. ಈ ಕೆಲಸ ಕಲಿಯಬೇಕು ಅಂತ ಆಸೆ. ಆದರೆ ನನಗೆ ಗಣಿತ ಬರುವುದಿಲ್ಲ. ಕಷ್ಟ ಆಗುತ್ತದಾ?

ಭಾಗಾಕಾರ ಬಂದರೆ ಸಾಕಮ್ಮ. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಅದರ ಒಂದು ಚಿಕ್ಕ ಚೌಕ ಅಂದರೆ 0.04 ಸೆಕೆಂಡ್. ಐದು ಚಿಕ್ಕ ಚೌಕ ಸೇರಿದ ದೊಡ್ಡ ಚೌಕ 0.2 ಸೆಕೆಂಡ್. ಬಡಿತ ಒಂದೇ ಸಮ ಇದ್ದರೆ ಎರಡು ಬಡಿತದ ನಡುವೆ ಎಷ್ಟು ದೊಡ್ಡ ಚೌಕ ಇದೆ ಅಂತ ಎಣಿಸಿ, 300ನ್ನು ಅದರಿಂದ ಭಾಗಿಸಬೇಕು. ನಾಲ್ಕು ಚೌಕ ಇದ್ದರೆ ನಿಮಿಷಕ್ಕೆ 75. ಬಡಿತ ಹೆಚ್ಚುಕಮ್ಮಿ ಆಗುತ್ತಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಆಗ ಆರು ಸೆಕೆಂಡಿನ ಇಸಿಜಿ ಕಾಗದದ ತುಂಡಿನಲ್ಲಿರುವ (ಅದನ್ನು ಸ್ಟ್ರಿಪ್ ಅನ್ನುತ್ತೇವೆ) ಬಡಿತ ಎಣಿಸಿ ಹತ್ತರಿಂದ ಗುಣಿಸಿದರಾಯಿತು.

ಅಸಲಿ ಕಲಿಕೆ ಇರುವುದು ನೋಡುವ ಕ್ರಮದಲ್ಲಿ. ಪ್ರತಿ ಬಡಿತದಲ್ಲಿ ಮೊದಲ ಚಿಕ್ಕ ಉಬ್ಬು ಪಿ, ಅದು ಹೃದಯದ ಮೇಲಿನ ಕೋಣೆಗಳದು. ಆಮೇಲಿನ ಚೂಪು ಕ್ಯುಆರ್‌ಎಸ್, ಕೆಳಗಿನ ಕೋಣೆಗಳದು. ಕೊನೆಯದು ಟಿ, ಕೆಳಗಿನ ಕೋಣೆಗಳು ಮತ್ತೆ ಸಜ್ಜಾಗುವ ಹೊತ್ತು. ಈ ಅಕ್ಷರಗಳನ್ನು ಕೊಟ್ಟವರು ಇಸಿಜಿಯನ್ನು ರೂಪಿಸಿದ ವಿಲ್ಲೆಮ್ ಐಂಥೋವನ್. ಅವರಿಗೆ 1924ರಲ್ಲಿ ನೊಬೆಲ್ ಬಂತು. ಪ್ರತಿ ಸ್ಟ್ರಿಪ್‌ಗೂ ಅವೇ ಪ್ರಶ್ನೆ ಕೇಳಿಕೊಳ್ಳಬೇಕು. ಬಡಿತ ಒಂದೇ ಸಮ ಇದೆಯಾ? ಎಷ್ಟು ವೇಗ? ಪ್ರತಿ ಕ್ಯುಆರ್‌ಎಸ್‌ಗೂ ಮೊದಲು ಪಿ ಇದೆಯಾ? ಪಿ ಶುರುವಿನಿಂದ ಕ್ಯುಆರ್‌ಎಸ್ ಶುರುವಿನವರೆಗಿನ ಅಂತರ 0.12ರಿಂದ 0.20 ಸೆಕೆಂಡಿನೊಳಗೆ ಇದೆಯಾ? ಕ್ಯುಆರ್‌ಎಸ್ 0.12ಕ್ಕಿಂತ ಕಿರಿದಾಗಿದೆಯಾ? ನೋಡಿದ ಕೂಡಲೇ ಉತ್ತರ ಹೊಳೆದರೂ ಈ ಕ್ರಮ ಬಿಡಬಾರದು. ಅವಸರದ ಕಣ್ಣಿಗೆ ತಪ್ಪಿಸಿಕೊಳ್ಳುವುದು ಪಿ ಅಲೆಯೇ ಜಾಸ್ತಿ.

ನನಗೆ ತುಂಬ ಇಷ್ಟವಾದ ಒಂದು ರಿದಮ್, ಅಂದರೆ ಬಡಿತದ ಲಯದ ಬಗ್ಗೆ ಹೇಳದೆ ಇರಲಾರೆ. ಪಿ ಮತ್ತು ಕ್ಯುಆರ್‌ಎಸ್ ನಡುವಿನ ಅಂತರ ಪ್ರತಿ ಬಡಿತಕ್ಕೂ ಸ್ವಲ್ಪ ಸ್ವಲ್ಪ ಉದ್ದವಾಗುತ್ತ ಹೋಗುತ್ತದೆ. ಆಮೇಲೆ ಒಂದು ಬಡಿತ ತಪ್ಪೇ ಹೋಗುತ್ತದೆ. ಮತ್ತೆ ಮೊದಲಿಂದ ಶುರು. ಇದಕ್ಕೆ ವೆಂಕೆಬಾಕ್ ಅನ್ನುತ್ತೇವೆ. ಕಾರೆಲ್ ವೆಂಕೆಬಾಕ್ ಎಂಬ ಡಾಕ್ಟರ್ ಇದನ್ನು 1899ರಲ್ಲೇ ವಿವರಿಸಿದರು. ಆಗ ಆಸ್ಪತ್ರೆಗಳಲ್ಲಿ ಇಸಿಜಿ ಇನ್ನೂ ಬಂದಿರಲಿಲ್ಲ. ನಾಡಿಮಿಡಿತದ ದಾಖಲೆಯನ್ನು ಅಳೆದು ಅಳೆದು ಅವರು ಇದನ್ನು ಕಂಡುಕೊಂಡರು. ಅಷ್ಟು ತಾಳ್ಮೆಯಿಂದ ನೋಡುವ ಗುಣ ನಿನ್ನಲ್ಲಿದ್ದರೆ ಗಣಿತದ ಭಯ ಬಿಡು. ಗಂಟೆಗಟ್ಟಲೆ ಏನೂ ಆಗದಿದ್ದಾಗಲೂ ಮನಸ್ಸನ್ನು ಗೆರೆಯ ಮೇಲೆ ಇಟ್ಟುಕೊಳ್ಳಲು ಆಗುತ್ತದಾ ಅಂತ ಮಾತ್ರ ನಿನ್ನನ್ನು ನೀನೇ ಕೇಳಿಕೋ.

ಪ್ರಶ್ನೆ: ನಿದ್ದೆಯಲ್ಲಿ ಅಮ್ಮನ ಬಡಿತ 48 ತೋರಿಸುತ್ತದೆ. 60ರಿಂದ 100 ಇರಬೇಕಲ್ವಾ?

ಆ ಲೆಕ್ಕ ಎಚ್ಚರವಾಗಿ ಆರಾಮವಾಗಿ ಕೂತಿರುವ ದೊಡ್ಡವರಿಗೆ. ನಿದ್ದೆಯಲ್ಲಿ ಬಡಿತ ಇಳಿಯುವುದು ಸಾಮಾನ್ಯ. ಕೆಲವು ಮಾತ್ರೆಗಳಿಂದಲೂ ಇಳಿಯುತ್ತದೆ. ನಾವು ಅಂಕಿ ಜೊತೆಗೆ ಬಿಪಿ ಹೇಗಿದೆ, ಬಡಿತದ ನಡುವೆ ದೊಡ್ಡ ಬಿಡುವು ಬರುತ್ತಿದೆಯಾ ಅಂತ ನೋಡುತ್ತೇವೆ. ತಲೆ ಸುತ್ತು, ಸುಸ್ತು, ಎದೆನೋವು ಇದ್ದರೆ ಅಂಕಿ ಎಷ್ಟೇ ಇರಲಿ, ಸಿಸ್ಟರಿಗೆ ಆಗಲೇ ಹೇಳಿ.

ಪ್ರಶ್ನೆ: ಅಕ್ಕಾ, ನಾನು ಹೊಸದಾಗಿ ಈ ಕೆಲಸಕ್ಕೆ ಸೇರಿದ್ದೇನೆ. ವಿಟಿ ಅಂತ ಫೋನ್ ಮಾಡಿದೆ. ಹೋಗಿ ನೋಡಿದರೆ ರೋಗಿ ಹಲ್ಲುಜ್ಜುತ್ತಿದ್ದರಂತೆ. ಸಿಸ್ಟರ್ ಎಲ್ಲರ ಮುಂದೆ ಬೈದರು. ಈಗ ಫೋನ್ ಎತ್ತಲು ಕೈ ಬರುವುದಿಲ್ಲ.

ತಂಗಿ, ಎಲ್ಲ ಪತ್ರಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿನ್ನದೇ. ಹಲ್ಲುಜ್ಜುವ ಕೈಯ ಅಲುಗಾಟ ವಿಟಿಯಂತೆ, ಅಂದರೆ ಕೆಳಗಿನ ಕೋಣೆಯಿಂದ ಏಳುವ ಅಪಾಯದ ವೇಗದ ಬಡಿತದಂತೆ ಕಾಣುವುದು ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅನುಭವಿಗಳೂ ಮೋಸ ಹೋಗುತ್ತಾರೆ. ಪಾರ್ಕಿನ್ಸನ್ ಇರುವವರ ಕೈನಡುಕ ಕೂಡ ಬೇರೆ ರಿದಮ್ ಥರ ಕಾಣುತ್ತದೆ.

ಮುಂದಿನ ಸಲ ಹೀಗೆ ನೋಡು. ಆ ಗಲಾಟೆಯ ಒಳಗೆ ರೋಗಿಯ ಹಳೆಯ ಕಿರಿದಾದ ಕ್ಯುಆರ್‌ಎಸ್ ಅದೇ ಅಂತರದಲ್ಲಿ ಇಣುಕುತ್ತಿದೆಯಾ? ಬೇರೆ ಲೀಡ್‌ನಲ್ಲಿ, ಅಂದರೆ ಹೃದಯವನ್ನು ಬೇರೆ ಕೋನದಿಂದ ತೋರಿಸುವ ನೋಟದಲ್ಲಿ, ಗೆರೆ ಸ್ವಚ್ಛವಾಗಿದೆಯಾ? ಬೆರಳಿನ ಅಲೆ ಮೊದಲಿನ ಹಾಗೇ ಇದೆಯಾ? ಹೌದು ಅಂತಾದರೆ ಬಹುಶಃ ಅಲುಗಾಟ. ಇಷ್ಟು ನೋಡಲು ಕೆಲವೇ ಸೆಕೆಂಡ್ ಸಾಕು. ಅಷ್ಟರಲ್ಲಿ ಖಚಿತವಾಗದಿದ್ದರೆ ಫೋನ್ ಎತ್ತು. ಖಚಿತವಾಗುವ ತನಕ ಕಾಯಬೇಡ. ಹೃದಯ ಅದುರಲು ಶುರುವಾದರೆ ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ನಿನ್ನ ಮುಜುಗರಕ್ಕೆ ಆ ನಿಮಿಷಗಳಲ್ಲಿ ಪಾಲು ಕೊಡಬೇಡ.

ಇನ್ನು ಹೇಳುವ ರೀತಿ. 'ಏಳರಲ್ಲಿ ಏನೋ ಆಗ್ತಿದೆ ಸಿಸ್ಟರ್' ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. 'ಏಳನೇ ಬೆಡ್. ಅಗಲ ಕ್ಯುಆರ್‌ಎಸ್, ವೇಗ 180, ಹತ್ತು ಸೆಕೆಂಡಿನಿಂದ ನಿಂತಿಲ್ಲ. ಈಗಲೇ ರೋಗಿಯನ್ನು ನೋಡಿ' ಅನ್ನು. ಕಂಡದ್ದನ್ನು ಹೇಳು. ಆ ಕಡೆಯವರು ಬೆಡ್ ನಂಬರನ್ನು ತಿರುಗಿ ಹೇಳುವ ತನಕ ಫೋನ್ ಇಡಬೇಡ. ಆ ಸಿಸ್ಟರ್ ಎತ್ತದಿದ್ದರೆ ಮುಂದೆ ಯಾರಿಗೆ ಮಾಡಬೇಕು ಅನ್ನುವುದು ಶಿಫ್ಟ್ ಶುರುವಾಗುವ ಮೊದಲೇ ಗೊತ್ತಿರಲಿ. ಸ್ಟ್ರಿಪ್ ಪ್ರಿಂಟ್ ತೆಗೆದು ಸಮಯ, ಫೋನ್ ತೆಗೆದುಕೊಂಡವರ ಹೆಸರು ಬರೆದಿಡು.

ಡ್ಯೂಟಿಗೆ ಬಂದ ಕೂಡಲೇ ಪ್ರತಿ ರೋಗಿಯ ಒಂದು ಸ್ಟ್ರಿಪ್ ತೆಗೆದು ಅವರ ಮಾಮೂಲು ರಿದಮ್ ಏನು ಅಂತ ನೋಡಿಕೋ. ಯಾರಿಗೆ ಪೇಸ್‌ಮೇಕರ್ ಇದೆ, ಯಾರಿಗೆ ಕೈನಡುಕ ಇದೆ ಅಂತ ಸಿಸ್ಟರನ್ನೇ ಕೇಳು. ಬಿಡುವಾದಾಗ ವಾರ್ಡಿಗೊಮ್ಮೆ ಹೋಗಿ ಬಾ. ಮುಖ ಪರಿಚಯ ಆದ ಮೇಲೆ ಫೋನಿನ ದನಿ ಎರಡೂ ಕಡೆ ಮೆತ್ತಗಾಗುತ್ತದೆ. ಎಲ್ಲರ ಮುಂದೆ ಬೈದಿದ್ದು ಸರಿಯಲ್ಲ. ಅದನ್ನು ನಿನ್ನ ಮೇಲಿನವರಿಗೆ ಹೇಳು. ಹೀಗೆ ಬೈಸಿಕೊಂಡ ಟೆಕ್ನಿಷಿಯನ್ ಮುಂದಿನ ಸಲ ತಡ ಮಾಡುತ್ತಾರೆ, ಅದರ ಬೆಲೆ ತೆರುವುದು ರೋಗಿ.

ಪ್ರಶ್ನೆ: ನನ್ನ ಗಂಡನದೂ ಇದೇ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ಮನೆಗೆ ಬಂದರೂ ಕಿವಿಯಲ್ಲಿ ಅಲಾರಂ ಕೇಳಿಸುತ್ತದೆ ಅನ್ನುತ್ತಾರೆ. ಒಂದೊಂದು ಸಲ ಕೆಲಸದಲ್ಲಿ ಅಲಾರಂ ಕೇಳಿಸುವುದೇ ಇಲ್ಲ ಅಂತಲೂ ಹೇಳಿದರು. ಭಯವಾಗುತ್ತದೆ.

ಇದು ಅವರ ಮನಸ್ಸಿನ ದೌರ್ಬಲ್ಯ ಅಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಆಸ್ಪತ್ರೆಯ ಅಲಾರಂಗಳಲ್ಲಿ ಶೇಕಡಾ 72ರಿಂದ 99ರವರೆಗೆ ಸುಳ್ಳು ಅಂತ ಬೇರೆ ಬೇರೆ ಅಧ್ಯಯನಗಳು ಹೇಳಿವೆ. ಅಷ್ಟು ಸುಳ್ಳು ಕೇಳಿದ ಕಿವಿ ತನ್ನಷ್ಟಕ್ಕೇ ಮುಚ್ಚಿಕೊಳ್ಳುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು.

ಪರಿಹಾರ ಇರುವುದು ಆಸ್ಪತ್ರೆಯ ಕೈಯಲ್ಲಿ. ಎಲ್ಲ ರೋಗಿಗೂ ಒಂದೇ ಅಲಾರಂ ಮಿತಿ ಇಡುವ ಬದಲು, ಡಾಕ್ಟರನ್ನು ಕೇಳಿ ಆಯಾ ರೋಗಿಗೆ ತಕ್ಕಂತೆ ಇಡಬೇಕು. ಯಾವಾಗಲೂ ಏರುಪೇರು ಬಡಿತ ಇರುವವರಿಗೆ 'ಏರುಪೇರು' ಅಲಾರಂ ರಾತ್ರಿಯಿಡೀ ಹೊಡೆದರೆ ಯಾರಿಗೆ ಲಾಭ? ಒಬ್ಬರಿಗೆ ಎಷ್ಟು ಗೆರೆ ಕೊಡುತ್ತಾರೆ ಅನ್ನುವುದೂ ಮುಖ್ಯ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಟೆಕ್ನಿಷಿಯನ್‌ಗಳಿಗೆ 16ರಿಂದ 48 ರೋಗಿಗಳವರೆಗೆ ಕೊಟ್ಟು ನೋಡಿದರು. 48 ಆದಾಗ ಹೃದಯದ ಅದುರುವಿಕೆಯನ್ನು ಗುರುತಿಸುವುದು ತಡವಾಯಿತು. ಕಣ್ಣಿಗೆ ಬಿಡುವು ಬೇಕು, ಬಿಡುವಿನ ಹೊತ್ತಿಗೆ ಬದಲಿ ಮನುಷ್ಯ ಬೇಕು. ನಿಮ್ಮ ಯಜಮಾನರು ಇದನ್ನು ಒಬ್ಬರೇ ಹೇಳುವುದಕ್ಕಿಂತ ಜೊತೆಯವರೆಲ್ಲ ಸೇರಿ ಬರೆದು ಕೊಡಲಿ. ನಿದ್ದೆ ಬಾರದೆ ವಾರಗಟ್ಟಲೆ ಕಳೆದರೆ ಡಾಕ್ಟರನ್ನು ಕಾಣಲಿ, ನಾಚಿಕೆ ಬೇಡ.

ಪ್ರಶ್ನೆ: ಕಂಪ್ಯೂಟರೇ ರಿದಮ್ ಓದುತ್ತದಂತೆ. ಮನುಷ್ಯರು ಯಾಕೆ ಬೇಕು?

ಓದುತ್ತದೆ, ನಮಗೆ ದೊಡ್ಡ ಸಹಾಯ. ಆದರೆ ಟಿ ಅಲೆ ಎತ್ತರವಾಗಿದ್ದರೆ ಅದನ್ನೂ ಬಡಿತ ಅಂತ ಎಣಿಸಿ 70ನ್ನು 140 ಅನ್ನಬಹುದು. ಇದಕ್ಕಿಂತ ಕೆಟ್ಟದ್ದು ಪೇಸ್‌ಮೇಕರ್ ವಿಷಯ. ಪೇಸ್‌ಮೇಕರ್ ಕಳಿಸಿದ ವಿದ್ಯುತ್ ಮಿಡಿತಕ್ಕೆ ಹೃದಯ ಓಗೊಡದೇ ಇದ್ದಾಗಲೂ, ಕಂಪ್ಯೂಟರ್ ಆ ಮಿಡಿತಗಳನ್ನೇ ಎಣಿಸಿ ಬಡಿತ 60 ಅಂತ ತೋರಿಸುವ ಅಪಾಯವಿದೆ. ಮಿಡಿತದ ಹಿಂದೆಯೇ ಕ್ಯುಆರ್‌ಎಸ್ ಬಂತಾ ಅಂತ ಮನುಷ್ಯರ ಕಣ್ಣು ನೋಡಲೇಬೇಕು.

ಪ್ರಶ್ನೆ: ರೋಗಿಯ ಪಕ್ಕ ಕೂರುವ ನಾವು ನಿಮಗೆ ಏನು ಸಹಾಯ ಮಾಡಬಹುದು?

ಹೀಗೆ ಕೇಳಿದ್ದಕ್ಕೇ ಖುಷಿಯಾಯಿತು. ಅಲಾರಂ ಸದ್ದನ್ನು ನೀವಾಗಿ ನಿಲ್ಲಿಸಬೇಡಿ. ಪ್ಯಾಚ್ ಎದ್ದಿದ್ದರೆ ಸಿಸ್ಟರಿಗೆ ಹೇಳಿ. ನೀವೇ ಅಂಟಿಸಲು ಹೋಗಬೇಡಿ, ಜಾಗ ತಪ್ಪಿದರೆ ಗೆರೆಯ ಆಕಾರವೇ ಬದಲಾಗುತ್ತದೆ. ವೈರಿನ ಬಣ್ಣ ನೋಡಿ ಹಾಕುವುದೂ ಬೇಡ. ಬಣ್ಣಕ್ಕೆ ಎರಡು ಪದ್ಧತಿ ಇವೆ. ಒಂದರಲ್ಲಿ ಬಿಳಿ ವೈರು ಬಲಗೈಯದು, ಇನ್ನೊಂದರಲ್ಲಿ ಅದೇ ಬಿಳಿ ಎದೆಯದು. ರೋಗಿ ಬಾತ್‌ರೂಮಿಗೆ ಹೋಗುವಾಗ, ಸ್ಕ್ಯಾನಿಂಗಿಗೆ ಕರೆದೊಯ್ಯುವಾಗ ಒಂದು ಮಾತು ತಿಳಿಸಿ. ಗೆರೆ ಕಾಣದಾದಾಗ ನಾವು ಹುಡುಕಾಡುವುದು ತಪ್ಪುತ್ತದೆ.

ಇನ್ನೊಂದು ಮಾತು, ಇದನ್ನು ನೆನಪಿಟ್ಟುಕೊಳ್ಳಿ. ನನ್ನ ಸ್ಕ್ರೀನ್ ಮೇಲೆ ಕಾಣುವುದು ಹೃದಯದ ವಿದ್ಯುತ್ ಮಾತ್ರ. ರಕ್ತ ಪಂಪ್ ಆಗುತ್ತಿದೆಯಾ ಅನ್ನುವುದು ಆ ಗೆರೆಯಲ್ಲಿ ಕಾಣುವುದಿಲ್ಲ. ಗೆರೆ ಚೆನ್ನಾಗಿ ಓಡುತ್ತಿದ್ದೂ ನಾಡಿ ಸಿಗದ ಸ್ಥಿತಿ ಇದೆ, ಅದೂ ಹೃದಯ ಸ್ತಂಭನವೇ. ಆದ್ದರಿಂದ ನಿಮ್ಮವರು ಬಿಳಿಚಿಕೊಂಡರೆ, ವಿಪರೀತ ಬೆವರಿದರೆ, ಉಸಿರಾಟ ಬೇರೆ ಥರ ಕಂಡರೆ, ಕರೆದರೆ ಓಗೊಡದಿದ್ದರೆ, ಮಾನಿಟರ್ ಏನು ತೋರಿಸುತ್ತಿದೆ ಅಂತ ನೋಡುತ್ತಾ ನಿಲ್ಲಬೇಡಿ. ಜೋರಾಗಿ ಕೂಗಿ ಕರೆಯಿರಿ, ಹಾಸಿಗೆ ಪಕ್ಕದ ಕರೆಗಂಟೆ ಒತ್ತಿ.