ವಾಹನ ಪ್ರಶ್ನೋತ್ತರ: ಗಿರಿ ಹತ್ತುವಾಗ ಎಂಜಿನ್ ಕುದಿದರೆ

ಪ್ರಶ್ನೆ: ನಮ್ಮದು ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರು. ಚಿಕ್ಕಮಗಳೂರಿನಿಂದ ಹಾಸನಕ್ಕೆ ವಾರಕ್ಕೆರಡು ಸಲ ಓಡಾಡಿದರೂ ತೊಂದರೆ ಕೊಟ್ಟಿಲ್ಲ. ಆದರೆ ಒಂದು ಭಾನುವಾರ ಮುಳ್ಳಯ್ಯನಗಿರಿಗೆ ಹೋಗುವಾಗ, ಕೈಮರ ದಾಟಿದ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು, ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿ ಬಾನೆಟ್‌ನಿಂದ ಹಬೆ ಬಂತು. ಗ್ಯಾರೇಜಿನವರು ‘ನಮ್ಮ ಕಡೆಗೆ ಇದು ಬೇಕಾಗಿಲ್ಲ’ ಎಂದು ಥರ್ಮೋಸ್ಟಾಟ್ (ರೇಡಿಯೇಟರಿಗೆ ನೀರು ಹೋಗುವ ದಾರಿಯ ಕವಾಟ) ತೆಗೆದುಹಾಕಿ, ಬೋರ್‌ವೆಲ್ ನೀರು ತುಂಬಿಸಿ ಕಳುಹಿಸಿದರು. ಆಮೇಲೆ ಚಾರ್ಮಾಡಿ ಘಾಟಿ ಹತ್ತುವಾಗ ಲಾರಿಯ ಹಿಂದೆ ನಿಧಾನವಾಗಿ ಬರುತ್ತಿದ್ದಾಗ ಮತ್ತೆ ಹಾಗೆಯೇ ಆಯಿತು. ಮೈಲೇಜೂ ಇಳಿದಿದೆ. ಏನು ಮಾಡಲಿ? (ಓದುಗರೊಬ್ಬರು, ಚಿಕ್ಕಮಗಳೂರು)

ಉತ್ತರ: ದೋಷ ಎಲ್ಲಿರಬಹುದು ಎಂಬುದಕ್ಕೆ ನಿಮ್ಮ ಪತ್ರದಲ್ಲಿಯೇ ಸುಳಿವಿದೆ. ಹಾಸನದ ರಸ್ತೆಯಲ್ಲಿ ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ಗಿರಿಯ ಏರಿನಲ್ಲಿ ಮೊದಲ ಗೇರಿನಲ್ಲಿ ತೆವಳುವಾಗ ಎಂಜಿನ್ ಅತಿ ಹೆಚ್ಚು ದುಡಿಯುತ್ತಿರುತ್ತದೆ, ಆದರೆ ಎದುರುಗಾಳಿ ಇರುವುದಿಲ್ಲ. ಆಗ ಇಡೀ ಭಾರ ರೇಡಿಯೇಟರ್ ಫ್ಯಾನಿನ ಮೇಲೆ ಬೀಳುತ್ತದೆ. ಓಟದಲ್ಲಿ ಸರಿಯಿದ್ದು ತೆವಳುವಾಗ ಮಾತ್ರ ಕಾಯುವ ಕಾರಿನಲ್ಲಿ ನಾನು ಮೊದಲು ಅನುಮಾನಿಸುವುದು ಫ್ಯಾನನ್ನೇ. ಲಕ್ಷಣ ಇದಕ್ಕೆ ತದ್ವಿರುದ್ಧವಾಗಿದ್ದರೆ, ಎಂದರೆ ಹೆದ್ದಾರಿಯ ವೇಗದಲ್ಲಿ ಮಾತ್ರ ಕಾಯುತ್ತಿದ್ದರೆ, ಒಳಗೆ ಕಟ್ಟಿಕೊಂಡ ರೇಡಿಯೇಟರನ್ನೋ ಸವೆದ ವಾಟರ್ ಪಂಪನ್ನೋ ನೋಡಬೇಕಾಗುತ್ತಿತ್ತು.

ಪರೀಕ್ಷೆಯನ್ನು ಮನೆಯಂಗಳದಲ್ಲಿಯೇ ಮಾಡಬಹುದು. ಎಸಿ ಹಾಕದೆ ಎಂಜಿನನ್ನು ನಿಂತಲ್ಲೇ ಚಾಲೂ ಇಟ್ಟು ಮುಳ್ಳನ್ನು ಗಮನಿಸುತ್ತಿರಿ. ಅದು ಎಂದಿನ ಜಾಗ ದಾಟಿ ಮೇಲೇರುವ ಹೊತ್ತಿಗೆ ಫ್ಯಾನ್ ಸದ್ದು ಮಾಡುತ್ತಾ ತಿರುಗಲೇಬೇಕು. ತಿರುಗದಿದ್ದರೆ ಕೂಡಲೇ ಎಂಜಿನ್ ನಿಲ್ಲಿಸಿ, ಫ್ಯೂಸ್, ರಿಲೇ, ಮೋಟಾರ್, ಟೆಂಪರೇಚರ್ ಸೆನ್ಸರ್‌ಗಳನ್ನು ಒಂದೊಂದಾಗಿ ತಪಾಸಣೆ ಮಾಡಿಸಿ. ತೋಟದ ಮನೆಯ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರಾದರೆ ಫ್ಯಾನಿನ ವೈರನ್ನು ಇಲಿ ಕಡಿದಿದೆಯೇ ಎಂದೂ ನೋಡಿ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟರೆ ಒಣಗಿದ ಎಲೆ, ಹುಳು, ಕೆಮ್ಮಣ್ಣು ಸೇರಿ ಕಂಬಳಿಯಂತೆ ಹೆಣೆದುಕೊಂಡಿರುವುದು ಕಾಣಬಹುದು. ಅದನ್ನು ಎಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಜೋರಾಗಿ ಹಾಯಿಸಿದರೆ ತೆಳುವಾದ ಫಿನ್‌ಗಳು ಮಡಚಿಕೊಳ್ಳುತ್ತವೆ.

ಥರ್ಮೋಸ್ಟಾಟ್ ತೆಗೆದ ಮೇಲೂ ಕಾರು ಕುದಿದಿದೆಯಲ್ಲ, ಅಲ್ಲಿಗೆ ಅದೊಂದೇ ಅಪರಾಧಿಯಲ್ಲ ಎಂದಾಯಿತು. ಅದು ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ಹಲವು ಕಾರುಗಳಲ್ಲಿ ಸುಮಾರು 82ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆದುಕೊಳ್ಳುತ್ತದೆ. ಅದಿಲ್ಲದಿದ್ದರೆ ಎಂಜಿನ್ ಬೇಗ ಹದಕ್ಕೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಸುಡುತ್ತದೆ. ನಿಮ್ಮ ಮೈಲೇಜ್ ಇಳಿದಿರುವುದಕ್ಕೆ ಇದೇ ಕಾರಣವಿರಬಹುದು. ಇನ್ನು ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ಮುಚ್ಚುವುದೇ ಇಲ್ಲ. ನೀರಿನ ಒಂದಷ್ಟು ಪಾಲು ರೇಡಿಯೇಟರಿಗೆ ಹೋಗದೆ ಒಳಗೊಳಗೇ ಸುತ್ತಿ, ಏರಿನಲ್ಲಿ ಕಾವು ಇನ್ನೂ ಹೆಚ್ಚುತ್ತದೆ. ದಯವಿಟ್ಟು ಹೊಸದನ್ನು ಹಾಕಿಸಿ.

ಬೋರ್‌ವೆಲ್ ನೀರನ್ನೂ ಆದಷ್ಟು ಬೇಗ ಹೊರಹಾಕಿಸಿ. ಗಡಸು ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ, ಜೊತೆಗೆ ತುಕ್ಕು. ಕುದಿಯುವ ವಿಚಾರವೂ ಇದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಅದಕ್ಕಿಂತ ಹೆಚ್ಚು ಕಾವಿನಲ್ಲಿಯೂ ಎಂಜಿನ್ ನೀರು ಕುದಿಯದಂತೆ ತಡೆಯುವುದು ರೇಡಿಯೇಟರ್ ಮುಚ್ಚಳ ಹಿಡಿದಿಡುವ ಒತ್ತಡ ಮತ್ತು ಕೂಲಂಟ್ (ಎಂಜಿನ್ ತಣಿಸುವ ದ್ರವ). ಆದ್ದರಿಂದ ಸಡಿಲವಾದ ಹಳೆಯ ಮುಚ್ಚಳವನ್ನೂ ಬದಲಿಸಿ. ನಿಮ್ಮ ಕಾರಿನ ಕೈಪಿಡಿ ಹೇಳುವ ಕೂಲಂಟನ್ನೇ ಹಾಕಿಸಿ. ಸಾಂದ್ರ ಕೂಲಂಟ್ ಆದರೆ ಸಾಮಾನ್ಯವಾಗಿ ಡಿಸ್ಟಿಲ್ಡ್ ವಾಟರಿನೊಂದಿಗೆ ಸಮಪಾಲು ಬೆರೆಸುತ್ತಾರೆ.

ಎರಡು ಸಲ ಕುದಿದಿರುವ ಎಂಜಿನ್ ಆದ್ದರಿಂದ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಪರೀಕ್ಷೆಯನ್ನೂ ಮಾಡಿಸಲೇಬೇಕು. ಸೋರಿಕೆ ಕಾಣದೆಯೇ ಕೂಲಂಟ್ ಇಳಿಯುವುದು, ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂತಹ ಬಣ್ಣ, ಎಂಜಿನ್ ಓಡುವಾಗ ಕೂಲಂಟ್ ಡಬ್ಬಿಯಲ್ಲಿ ನಿಲ್ಲದೆ ಏಳುವ ಗುಳ್ಳೆಗಳು ಅದು ಹಾಳಾಗಿರುವುದರ ಲಕ್ಷಣಗಳು.

ಪ್ರಶ್ನೆ: ಶಿರಾಡಿ ಘಾಟಿಯ ಮಧ್ಯದಲ್ಲಿ ಎಂಜಿನ್ ಕಾದರೆ ತಕ್ಷಣ ಏನು ಮಾಡಬೇಕು? (ಓದುಗರೊಬ್ಬರು, ಸಕಲೇಶಪುರ)

ಉತ್ತರ: ಮುಳ್ಳು ಏರತೊಡಗಿದಾಗಲೇ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಸೆಖೆಯಾದರೂ ಎಂಜಿನ್ನಿನ ಕಾವು ಸ್ವಲ್ಪ ಒಳಗೆ ಬಂದು ತಗ್ಗುತ್ತದೆ. ಆಗ ಹೀಟರಿನಿಂದ ತಣ್ಣನೆ ಗಾಳಿ ಬಂದರೆ ಕೂಲಂಟ್ ಖಾಲಿಯಾಗಿದೆ ಎಂದು ಶಂಕಿಸಿ ಕೂಡಲೇ ನಿಲ್ಲಿಸಿ. ಆ ಸ್ಥಿತಿಯಲ್ಲಿ ಮುಳ್ಳು ಕೆಳಗಿಳಿದರೂ ನಂಬಬೇಡಿ, ಏಕೆಂದರೆ ಸೆನ್ಸರಿಗೆ ನೀರು ತಾಗದಿದ್ದರೆ ಅದು ಸುಳ್ಳು ಹೇಳಬಹುದು. ಮುಳ್ಳು ಕೆಂಪಿಗೆ ಬಂದರೆ ಅಥವಾ ಹಬೆ ಕಂಡರೆ, ತಿರುವಿನಲ್ಲಲ್ಲದೆ ಹಿಂದಿನವರಿಗೆ ಕಾಣುವ ಅಗಲ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿಯಿರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ಕಾದು, ಮೇಲಿನ ರಬ್ಬರ್ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣಿದು ಮೆತ್ತಗಾದ ಮೇಲೆ, ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ, ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ಹಾಕಿದ ನೀರು ಕೆಳಗೆ ಧಾರೆಯಾಗಿ ಸುರಿಯುತ್ತಿದ್ದರೆ ಟೋ ಮಾಡುವ ಗಾಡಿಯನ್ನು ಕರೆಸಿ.