ಬಾಂಡ್ ಪೇಪರಿಗೆ ಸಹಿ ಹಾಕಿದ ಮೇಲೆ ಪರಿಹಾರ ಕೇಳಬಹುದಾ?

ಪ್ರಶ್ನೆ: ಶಿರಸಿ ಹತ್ತಿರದ ಒಂದು ಸಾಮಿಲ್‌ನಲ್ಲಿ ಕೆಲಸಕ್ಕಿದ್ದೆ. ವಯಸ್ಸು 40. ದಿನಕ್ಕೆ 600 ರೂಪಾಯಿ, ಕೈಗೆ ನಗದು. 2025ರ ಜುಲೈನಲ್ಲಿ ಗರಗಸದ ಬುಡದಲ್ಲಿ ಸಿಕ್ಕಿಕೊಂಡಿದ್ದ ಚಕ್ಕೆ ತೆಗೆಯಲು ಹೋಗಿ ಬಲಗೈಯ ಎರಡು ಬೆರಳು ಬುಡದಿಂದಲೇ ಹೋದವು. ಮಾಲೀಕರು 25 ಸಾವಿರ ಕೊಟ್ಟು, ‘ಇನ್ನು ಏನೂ ಕೇಳುವುದಿಲ್ಲ’ ಎಂದು ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡರು. ಆಸ್ಪತ್ರೆಯಲ್ಲಿ ಮನೆಯಲ್ಲಿ ಕಟ್ಟಿಗೆ ಒಡೆಯುವಾಗ ಆದ ಗಾಯ ಅಂತ ಬರೆಸಿದ್ದಾರೆ. ಕೇಳಿದರೆ ನಿನ್ನದೇ ತಪ್ಪು ಅನ್ನುತ್ತಾರೆ. ಈಗ ಏನಾದರೂ ಮಾಡಬಹುದಾ?
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ಖಂಡಿತ ಮಾಡಬಹುದು. ಮೊದಲು ಆ ಬಾಂಡ್ ಪೇಪರ್ ಭಯ ಬಿಡಿ. ನಿಮ್ಮ ಅಪಘಾತಕ್ಕೆ ಅನ್ವಯಿಸುವುದು 1923ರ ನೌಕರರ ಪರಿಹಾರ ಕಾಯ್ದೆ. ಪರಿಹಾರದ ಹಕ್ಕು ಬಿಟ್ಟುಕೊಡುತ್ತೇನೆ ಎಂದು ಕಾರ್ಮಿಕ ಬರೆದುಕೊಟ್ಟ ಯಾವ ಕಾಗದವೂ ಊರ್ಜಿತವಲ್ಲ ಎಂದು ಅದರ 17ನೇ ಕಲಂ ನೇರವಾಗಿ ಹೇಳುತ್ತದೆ. ರಾಜಿ ಮಾಡಿಕೊಂಡರೂ ಆ ಒಪ್ಪಂದವನ್ನು ಪರಿಹಾರ ಆಯುಕ್ತರ ಮುಂದೆ ನೋಂದಾಯಿಸಬೇಕು. ನೋಂದಣಿ ಆಗದಿದ್ದರೆ ಮಾಲೀಕರ ಹೊಣೆ ಪೂರ್ತಿ ಹಾಗೇ ಉಳಿಯುತ್ತದೆ. ಕೊಟ್ಟ 25 ಸಾವಿರದಲ್ಲೂ, ಆಯುಕ್ತರು ಬೇರೆ ಹೇಳದಿದ್ದರೆ, ಅರ್ಧಕ್ಕಿಂತ ಜಾಸ್ತಿ ಮುರಿದುಕೊಳ್ಳಲು ಅವರಿಗೆ ಬರುವುದಿಲ್ಲ.

ಇನ್ನು ‘ನಿನ್ನದೇ ತಪ್ಪು’ ಅನ್ನುವ ಮಾತು. ಈ ಕಾಯ್ದೆಯಲ್ಲಿ ತಪ್ಪು ಯಾರದು ಅನ್ನುವುದು ಪ್ರಶ್ನೆಯೇ ಅಲ್ಲ, ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಗಾಯ ಆಯಿತಾ ಅನ್ನುವುದಷ್ಟೇ ಪ್ರಶ್ನೆ. ಕುಡಿದಿದ್ದರೆ, ಸುರಕ್ಷತೆಯ ಆದೇಶವನ್ನು ಬೇಕಂತಲೇ ಮೀರಿದ್ದರೆ, ಯಂತ್ರದ ರಕ್ಷಣಾ ಕವಚ ಅಂದರೆ ಗಾರ್ಡನ್ನು ಗೊತ್ತಿದ್ದೂ ತೆಗೆದುಹಾಕಿದ್ದರೆ ಮಾತ್ರ ಮಾಲೀಕರು ತಪ್ಪಿಸಿಕೊಳ್ಳಬಹುದು. ಚಕ್ಕೆ ತೆಗೆಯಲು ಕೈ ಹಾಕಿದ್ದು ಅಜಾಗ್ರತೆ ಅಂತಲೇ ಇಟ್ಟುಕೊಳ್ಳಿ, ಅದು ಇದರಲ್ಲಿ ಬರುವುದಿಲ್ಲ. ಮಿಲ್ ಓಡುತ್ತಿರುವಾಗ ಚಕ್ಕೆ ತೆಗೆಯುವುದು ಅಲ್ಲಿ ದಿನಾ ನಡೆಯುವ ಕೆಲಸ ಅಲ್ವಾ? ಆ ಗರಗಸಕ್ಕೆ ಗಾರ್ಡ್ ಇತ್ತೇ ಅಂತ ಅವರನ್ನೇ ಕೇಳಬೇಕು.

ಹಣದ ಲೆಕ್ಕ ನೀವೇ ಹಾಕಿ ನೋಡಬಹುದು. ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳದ ಮಿತಿ 2020ರ ಜನವರಿಯಿಂದ 15,000 ರೂಪಾಯಿ. ನಿಮ್ಮದು 26 ದಿನಕ್ಕೆ 15,600 ಆಗುತ್ತದೆ, ಹಾಗಾಗಿ 15,000 ಹಿಡಿಯೋಣ. ಅದರ ಶೇ 60 ಅಂದರೆ 9,000. 40 ವರ್ಷದವರಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಗುಣಕ 184.17. ಗುಣಿಸಿದರೆ 16,57,530. ಒಂದು ಕೈಯ ಎರಡು ಬೆರಳು ಹೋದರೆ ದುಡಿಯುವ ಶಕ್ತಿ ಶೇ 20 ನಷ್ಟ ಎಂದು ಪಟ್ಟಿಯೇ ಹೇಳುತ್ತದೆ. ಅಲ್ಲಿಗೆ 3,31,506 ರೂಪಾಯಿ. ಇದರ ಮೇಲೆ ಚಿಕಿತ್ಸೆಯ ಖರ್ಚು ಬಿಲ್ ಪ್ರಕಾರ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12 ಬಡ್ಡಿ, ಸರಿಯಾದ ಕಾರಣವಿಲ್ಲದೆ ತಡಮಾಡಿದ್ದರೆ ಪರಿಹಾರದ ಅರ್ಧದವರೆಗೆ ದಂಡ. 25 ಸಾವಿರಕ್ಕೂ ಇದಕ್ಕೂ ಎಷ್ಟು ಅಂತರ ನೋಡಿ. ಇದು ಮಾಲೀಕರ ದಯೆಯಲ್ಲ, ನಿಮಗೆ ಸಲ್ಲಬೇಕಾದ ದುಡ್ಡು.

ನಿಜವಾದ ಕಷ್ಟ ಇರುವುದು ಆಸ್ಪತ್ರೆ ಚೀಟಿಯಲ್ಲಿ. ‘ಕಟ್ಟಿಗೆ ಒಡೆಯುವಾಗ’ ಅನ್ನುವ ಒಂದು ಸಾಲಿಗಾಗಿ, ಮಿಲ್‌ಗೆ ವಿಮೆ ಇದ್ದರೆ, ವಿಮೆ ಕಂಪನಿಯ ವಕೀಲರು ಕಾದಿರುತ್ತಾರೆ. ನಮ್ಮ ಕಡೆ ಇದು ರೂಢಿಯೇ ಆಗಿಬಿಟ್ಟಿದೆ, ನೋವಿನಲ್ಲಿ ನರಳುತ್ತಿರುವವನ ಪಕ್ಕ ನಿಂತು ಬೇರೆ ಯಾರೋ ಡಾಕ್ಟರಿಗೆ ಕಥೆ ಹೇಳಿ ಬರೆಸುತ್ತಾರೆ, ಇವನಿಗೆ ಓದಿ ನೋಡುವ ಸ್ಥಿತಿಯೂ ಇರುವುದಿಲ್ಲ. ಓದುವವರೆಲ್ಲ ದಯವಿಟ್ಟು ನೆನಪಿಡಿ: ಕೆಲಸದಲ್ಲಿ ಗಾಯವಾದವರನ್ನು ಕರೆದುಕೊಂಡು ಹೋದರೆ ಎಲ್ಲಿ, ಯಾವ ಯಂತ್ರದಲ್ಲಿ ಆಯಿತು ಅಂತ ಇದ್ದದ್ದನ್ನು ಇದ್ದಹಾಗೆ ಬರೆಸಿ, ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಮಾಡಿಸಿ.

ನಿಮ್ಮ ವಿಷಯದಲ್ಲಿ ಅದೊಂದರಿಂದಲೇ ಕೇಸು ಬಿದ್ದುಹೋಗುವುದಿಲ್ಲ. ಆ ದಿನ ಜೊತೆಗಿದ್ದ ಕೆಲಸಗಾರರು, ಹಾಜರಿ ಪುಸ್ತಕ, ಮಾಲೀಕರಿಗೆ ಮಾಡಿದ ಫೋನ್, ವಾಟ್ಸಾಪ್ ಸಂದೇಶ ಎಲ್ಲ ಸಾಕ್ಷಿಯೇ. ಅದಕ್ಕಿಂತ ದೊಡ್ಡದು ಆ ಬಾಂಡ್ ಪೇಪರ್. ಮನೆಯಲ್ಲಿ ಕಟ್ಟಿಗೆ ಒಡೆದು ಬೆರಳು ಹೋಗಿದ್ದರೆ ಮಿಲ್ ಮಾಲೀಕರು ಸುಮ್ನೆ 25 ಸಾವಿರ ಕೊಟ್ಟು ಸಹಿ ಯಾಕೆ ಹಾಕಿಸಿಕೊಂಡರು? ಅದರ ಪ್ರತಿ ಇದ್ದರೆ ಜೋಪಾನ ಮಾಡಿ.

ಈಗ ಮಾಲೀಕರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳಿಸಿ. ಅರ್ಜಿಗೆ ಅಪಘಾತದ ದಿನದಿಂದ 2 ವರ್ಷ ಕಾಲಾವಕಾಶ ಇದೆ, ಆದರೆ ಅಷ್ಟು ದಿನ ಕಾಯಬೇಡಿ, ಸಾಕ್ಷಿ ಹೇಳುವವರು ಊರು ಬಿಟ್ಟು ಹೋಗಿರುತ್ತಾರೆ. ನಮ್ಮ ರಾಜ್ಯದಲ್ಲಿ ಈ ಅರ್ಜಿಗಳನ್ನು ಹಿರಿಯ ಸಿವಿಲ್ ನ್ಯಾಯಾಧೀಶರೇ ಆಯುಕ್ತರಾಗಿ ನೋಡುತ್ತಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋರ್ಟ್ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಒಂದು ಮಾತು ಮಾತ್ರ ಮೊದಲೇ ನೋಡಿಕೊಳ್ಳಿ: ನಿಮ್ಮ ಹೆಸರಿನಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದ್ದರೆ ದಾರಿ ಬೇರೆ, ಪರಿಹಾರವನ್ನು ಇಎಸ್‌ಐನಿಂದಲೇ ಪಡೆಯಬೇಕಾಗುತ್ತದೆ.

ಪ್ರಶ್ನೆ: ನನ್ನ ಗಂಡ ಕಾರವಾರದಿಂದ ಹೋಗುವ ಬೋಟಿನಲ್ಲಿ ಖಲಾಸಿ. 2025ರ ಸೆಪ್ಟೆಂಬರಿನಲ್ಲಿ ಬಲೆ ಎಳೆಯುವಾಗ ಸಮುದ್ರಕ್ಕೆ ಬಿದ್ದು ತೀರಿಕೊಂಡರು. 45 ವರ್ಷ ಆಗಿತ್ತು. ಬೋಟಿನವರು ಮನೆಗೆ ಬಂದು ಒಂದು ಲಕ್ಷ ಕೊಟ್ಟು ಹೋದರು. ಸಂಬಳ ಇಲ್ಲ, ಪಾಲಿನ ಲೆಕ್ಕ, ಹಾಗಾಗಿ ಪರಿಹಾರ ಬರುವುದಿಲ್ಲ ಅನ್ನುತ್ತಾರೆ. ಇಬ್ಬರು ಸಣ್ಣ ಮಕ್ಕಳಿದ್ದಾರೆ.
– ಓದುಗರು, ಹೊನ್ನಾವರ

ಉತ್ತರ: ತಂಗೀ, ನಿಮ್ಮ ದುಃಖಕ್ಕೆ ಯಾವ ಲೆಕ್ಕವೂ ಇಲ್ಲ, ಆದರೆ ಮಕ್ಕಳ ಪಾಲಿನದನ್ನು ಬಿಡಬೇಡಿ. ಸಾವಿನ ಪರಿಹಾರವನ್ನು ಆಯುಕ್ತರ ಬಳಿ ಠೇವಣಿ ಇಡಬೇಕು, ಮನೆಗೆ ಬಂದು ಕೈಗೆ ಕೊಟ್ಟದ್ದು ಪರಿಹಾರ ಆಗುವುದಿಲ್ಲ. ಹೆಚ್ಚೆಂದರೆ ಮೂರು ತಿಂಗಳ ಸಂಬಳದಷ್ಟನ್ನು ಮುಂಗಡ ಎಂದು ಕಳೆಯಬಹುದು. ವಿಧವೆಗೆ, ಸಣ್ಣ ಮಕ್ಕಳಿಗೆ ಮೋಸ ಆಗಬಾರದು ಅಂತಲೇ ಈ ನಿಯಮ ಇಟ್ಟಿದ್ದಾರೆ.

ಪಾಲು ಅಂದರೂ ಅದು ದುಡಿದ ಕೂಲಿಯೇ. ಯಾವ ದಿನ ಎಷ್ಟು ಕೊಟ್ಟರು ಎಂದು ಮನೆಯಲ್ಲಿ ಬರೆದಿಟ್ಟ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ಜೊತೆಗಿದ್ದ, ಬೋಟ್ ನಡೆಸುವ ತಾಂಡೇಲರ ಹೇಳಿಕೆ ಎಲ್ಲ ಉಪಯೋಗಕ್ಕೆ ಬರುತ್ತದೆ. ತಿಂಗಳಿಗೆ 15,000 ಎಂದು ತೋರಿಸಲಾದರೆ ಸಾವಿನ ಲೆಕ್ಕಕ್ಕೆ ಅದರ ಅರ್ಧ 7,500, 45 ವರ್ಷಕ್ಕೆ ಪಟ್ಟಿಯ ಗುಣಕ 169.44, ಒಟ್ಟು 12,70,800 ರೂಪಾಯಿ. ಬೋಟಿಗೂ ಕೆಲಸಗಾರರಿಗೂ ವಿಮೆ ಇದೆಯಾ ವಿಚಾರಿಸಿ, ಇದ್ದರೆ ಕಂಪನಿಯನ್ನೂ ಅರ್ಜಿಯಲ್ಲಿ ಸೇರಿಸಬೇಕು. ಪೊಲೀಸ್ ದೂರಿನ ಪ್ರತಿ, ಮರಣೋತ್ತರ ವರದಿ ತೆಗೆದಿಡಿ. ಕಾರವಾರಕ್ಕೆ ಓಡಾಡಬೇಕಿಲ್ಲ, ನೀವು ವಾಸವಿರುವ ಕಡೆಯೇ ಅರ್ಜಿ ಹಾಕಬಹುದು. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.

ಮೀನುಗಾರಿಕೆ ಇಲಾಖೆಗೂ ಬೇರೆಯಾಗಿ ಅರ್ಜಿ ಕೊಡಿ. ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಅವರ ಹೆಸರು ಇದ್ದರೆ ಸಾವಿಗೆ 5 ಲಕ್ಷ ಇದೆ. ಅದು ಸಿಕ್ಕಿತು ಅಂತ ಬೋಟ್ ಮಾಲೀಕರ ಹೊಣೆ ಕಮ್ಮಿ ಆಗುವುದಿಲ್ಲ.

ಪ್ರಶ್ನೆ: ಡಿಸೆಂಬರಿನಲ್ಲಿ ಅಂಕೋಲೆಯಿಂದ ಕೆಲಸಕ್ಕೆ ಹೋಗುವಾಗ ಹೆದ್ದಾರಿಯಲ್ಲಿ ಲಾರಿ ಗುದ್ದಿ ಕಾಲು ಮುರಿಯಿತು. ಇದೂ ಕೆಲಸದ ಅಪಘಾತವೇ?
– ಓದುಗರು, ಅಂಕೋಲಾ

ಉತ್ತರ: ಆಗಬಹುದು. 2025ರ ನವೆಂಬರ್ 21ರಿಂದ 1923ರ ಹಳೆಯ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವಾಗ ಆದ ಅಪಘಾತಕ್ಕೂ ಕೆಲಸಕ್ಕೂ ಸಂಬಂಧ ಇದ್ದರೆ ಅದು ಕೆಲಸದಲ್ಲೇ ಆದ ಹಾಗೆ ಎಂದು ಅದರಲ್ಲಿದೆ. ಆದರೆ ಗುದ್ದಿದ್ದು ಲಾರಿ, ಹಾಗಾಗಿ ಮೋಟಾರು ವಾಹನ ಕಾಯ್ದೆಯಲ್ಲೂ ಕೇಳಬಹುದು. ಎರಡೂ ಕಡೆ ತೆಗೆದುಕೊಳ್ಳಲು ಬರುವುದಿಲ್ಲ, ಒಂದನ್ನು ಆರಿಸಿಕೊಳ್ಳಬೇಕು. ತಪ್ಪು ಲಾರಿಯದೇ ಆಗಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ, ಅಲ್ಲಿ ಸಂಬಳದ ಮಿತಿ ಇಲ್ಲ, ನೋವಿಗೂ ಬೇರೆ ಪರಿಹಾರ ಇದೆ. ಅಲ್ಲಿ ಅರ್ಜಿಗೆ ಕಾನೂನು ಕೊಟ್ಟಿರುವುದು 6 ತಿಂಗಳು, ಪ್ಲಾಸ್ಟರ್ ಬಿಚ್ಚುವವರೆಗೆ ಕಾಯದೆ ಈಗಲೇ ವಕೀಲರನ್ನು ನೋಡಿ.