ಸವಳಾದ ಹೊಲಕ್ಕೆ ಜಿಪ್ಸಂ ಒಂದೇ ಸಾಲದು

ಅಣ್ಣಾ, ಮುಧೋಳ ಹತ್ತಿರದ ನಿಮ್ಮ ಕಬ್ಬಿನ ಹೊಲ ಉಪ್ಪು, ಕ್ಷಾರ ಸೇರಿ ಸವಳಾಗಿದೆ, ಜಿಪ್ಸಂ (ಕ್ಯಾಲ್ಸಿಯಂ ಇರುವ ಖನಿಜದ ಪುಡಿ) ಹಾಕಲೇ ಅಂತ ಕೇಳಿದ್ದೀರಿ. ಸುಮ್ನೆ ಹಾಕಬೇಡಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 8.5 ದಾಟಿ ಸೋಡಿಯಂ ಜಾಸ್ತಿ ಇದ್ದರೆ ಜಿಪ್ಸಂ ಕೆಲಸ ಮಾಡುತ್ತದೆ. ಬರೀ ಉಪ್ಪಾದರೆ ಸಿಹಿನೀರು ಕಟ್ಟಿ ತೊಳೆದು ಹೊರಗೆ ಕಳಿಸಬೇಕು, ಅದಕ್ಕೆ ಹೆಚ್ಚಾದ ನೀರು ಬಸಿದು ಹೋಗುವ ಬಸಿಗಾಲುವೆ ಬೇಕೇ ಬೇಕು. ನಮ್ಮ ಎರೆ ಮಣ್ಣಲ್ಲಿ ನೀರು ಬೇಗ ಇಳಿಯುವುದಿಲ್ಲ. ಘಟಪ್ರಭಾ ಕಾಲುವೆ ನೀರನ್ನು ಕಬ್ಬಿಗೆ ಹಾಯಿಸುತ್ತಲೇ ಇದ್ದರೆ ಒಳಗಿನ ನೀರು ಮೇಲೆ ಬಂದು, ಆವಿಯಾಗಿ, ಉಪ್ಪು ಮಾತ್ರ ಉಳಿಯುತ್ತದೆ. ಆದರೆ ನೀವೊಬ್ಬರೇ ಬಸಿಗಾಲುವೆ ತೋಡಿದರೆ ಆ ನೀರು ಕೆಳಗಿನವರ ಹೊಲಕ್ಕೇ ನುಗ್ಗುತ್ತದೆ, ಅಲ್ವಾ? ಆ ನೀರು ಹಳ್ಳ ಸೇರುವವರೆಗಿನ ಹೊಲದವರೆಲ್ಲರೂ ಸೇರಿ ತೋಡಬೇಕು. ನೀರು ಬಳಕೆದಾರರ ಸಂಘದಲ್ಲಿ ಈ ಮಾತು ಎತ್ತಿ. ನೀರು ತರುವ ಕಾಲುವೆಗೆ ಖರ್ಚು ಮಾಡುವ ಸರ್ಕಾರ ಬಸಿಗಾಲುವೆಗೂ ಮಾಡಲೇಬೇಕು. ಅಲ್ಲಿವರೆಗೆ ನೀರು ಕಡಿಮೆ ಮಾಡಿ, ಡಯಂಚಾ ಎಂಬ ಹಸಿರು ಗೊಬ್ಬರದ ಬೆಳೆ ಬಿತ್ತಿ ಹೂ ಬಿಡುವಾಗ ಮಣ್ಣಿಗೆ ಸೇರಿಸಿ.